ಒಂಟಿಗೈ

"ಇವನ ಕೈ ತಾಗಿದ ಶೀಟೆಲ್ಲ ಇನ್ನೊಂದು ಸಲ ಕುದಿಸಿ. ರೋಗಿಗಳ ಮೈಗೆ ಹೋಗೋ ಬಟ್ಟೆ. ಇವನ ಹೊಲಸು ಅವರಿಗ್ಯಾಕೆ?"

ದೊಡ್ಡಪ್ಪ ಇದನ್ನು ಕೂಗಿ ಹೇಳಲಿಲ್ಲ. ಊಟದಲ್ಲಿ ಉಪ್ಪು ಕೇಳುವ ದನಿಯಲ್ಲಿ ಹೇಳಿದ. ನಲವತ್ತು ಜನ ಕೇಳಿಸಿಕೊಂಡರು. ಯಾರೋ ಕಿಸಕ್ಕನೆ ನಕ್ಕರು. ಬೆಳಗಿನಿಂದ ನಾನು ಮಡಿಸಿಟ್ಟ ರಾಶಿಯನ್ನು ಇಬ್ಬರು ಬಂದು ಎತ್ತಿದರು. ಮುಖ ಆ ಕಡೆ ತಿರುಗಿಸಿಕೊಂಡು, ನಾತ ಬರುವ ವಸ್ತು ಹೊತ್ತವರ ಹಾಗೆ, ಕುದಿಯುವ ತೊಟ್ಟಿಗೆ ಒಯ್ದು ಸುರಿದರು.

"ಇವತ್ತಿಂದ ಇವನಿಗೆ ಒಂಟಿಗೈ," ಅಂದ ದೊಡ್ಡಪ್ಪ.

ಅವನು ನನಗೆ ದೊಡ್ಡಪ್ಪನೇನೂ ಅಲ್ಲ. ಯಾರಿಗೂ ಅಲ್ಲ. ನಮ್ಮ ಮನೆಯ ಯಜಮಾನ, ನಮ್ಮ ಗುರು, ನಮ್ಮ ಲಾಂಡ್ರಿಯ ಮಾಲೀಕ, ಮೂರೂ ಅವನೇ. ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಅವನಿಗೆ ಏಕವಚನ ಹಾಕುವುದು ನನಗೆ ಈಗ ಬರುತ್ತದೆ. ಆಗ ನಾಲಗೆ ಹೊರಳುತ್ತಿರಲಿಲ್ಲ.

ನಾವು ಅದನ್ನು ಬರೀ 'ಮನೆ' ಅನ್ನುತ್ತಿದ್ದೆವು. ಮುಂದೆ ಪ್ರಾರ್ಥನೆಯ ಹಾಲ್, ಹಿಂದೆ ಲಾಂಡ್ರಿ, ಮೇಲೆ ಮಲಗುವ ಕೋಣೆಗಳು. ಮೂರು ಆಸ್ಪತ್ರೆಗಳ ಬಟ್ಟೆ ನಮ್ಮಲ್ಲಿಗೆ ಬರುತ್ತಿತ್ತು. ರಕ್ತ, ಕೀವು, ವಾಂತಿ, ಹೆರಿಗೆಯ ನೀರು, ಎಲ್ಲ ಮೆತ್ತಿಕೊಂಡ ಶೀಟುಗಳು. ಒಗೆದು, ಕುದಿಸಿ, ಇಸ್ತ್ರಿಯಾಗಲು ಬಿಸಿ ರೋಲರಿಗೆ ಕೊಟ್ಟು, ಮಡಿಸಿ ಕಳಿಸಬೇಕು. ಇದು ಕೆಲಸವಲ್ಲ, ಸೇವೆ. ಕೆಲಸ ಅಂದರೆ ಕೂಲಿ ಕೇಳಬಹುದು. ಸೇವೆಗೆ ಏನು ಕೇಳುತ್ತೀರಿ?

ಅಮ್ಮ ಸತ್ತಾಗ ನನಗೆ ಆರು, ಅಕ್ಕನಿಗೆ ಹದಿನೇಳು. ಅಕ್ಕ ನನ್ನ ಕೈ ಹಿಡಿದುಕೊಂಡು ಮನೆಯ ಮೆಟ್ಟಿಲು ಹತ್ತಿದಳು. ಒಳಗೆ ಹೋದ ಮೇಲೆ ಕೈ ಬಿಡಿಸಿದರು. ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ, ಅಕ್ಕ. ಹಾಗಾಗಿ ನನ್ನ ಅಕ್ಕ ನನಗೆ ಮಾತ್ರ ಅಕ್ಕ ಆಗುವ ಹಾಗಿಲ್ಲ. ರಕ್ತದ ನಂಟು ಹೊರಗಿನ ಕೊಳೆ ಅಂತ ದೊಡ್ಡಪ್ಪ ಬೋಧನೆಯಲ್ಲಿ ಹೇಳುತ್ತಿದ್ದ. ಊಟಕ್ಕೆ ಅವಳು ಹೆಂಗಸರ ಬೆಂಚಿನಲ್ಲಿ, ನಾನು ಗಂಡಸರ ಬೆಂಚಿನಲ್ಲಿ. ಆದರೂ ಒಂದು ದಾರಿ ಇತ್ತು. ಶೀಟು ಮಡಿಸುವ ಮೇಜಿನ ಬಳಿ ನಾವು ಹೇಗಾದರೂ ಜೋಡಿಯಾಗಿಬಿಡುತ್ತಿದ್ದೆವು.

ಶೀಟು ಮಡಿಸಲು ಇಬ್ಬರು ಬೇಕು. ಆ ತುದಿ ಒಬ್ಬರು, ಈ ತುದಿ ಒಬ್ಬರು. ಬಿಗಿಯಾಗಿ ಎಳೆದು, ಎದುರುಬದುರು ನಡೆದು ಬಂದು, ಇವರ ಮೂಲೆಯನ್ನು ಅವರ ಕೈಗೆ ಕೊಡಬೇಕು. ಮತ್ತೆ ಹಿಂದಕ್ಕೆ. ಮತ್ತೆ ಮುಂದಕ್ಕೆ. ಒಂದು ಶೀಟಿಗೆ ಮೂರು ಸಲ ಎದುರಾಗುತ್ತೇವೆ. ಆ ಮೂರು ಸಲದಲ್ಲಿ ಅಕ್ಕ ನನ್ನನ್ನು ಬೆಳೆಸಿದಳು. "ಉಗುರು ಕತ್ತರಿಸಿಕೊಳ್ಳೋ." "ನಿನ್ನೆ ಯಾಕೆ ಉಣ್ಣಲಿಲ್ಲ?" "ಮೀಸೆ ಬರ್ತಾ ಇದೆ ನೋಡು, ಕಳ್ಳ."

ಒಂಟಿಗೈ ಅಂದರೆ ಇದನ್ನು ಕಿತ್ತುಕೊಳ್ಳುವುದು. ತಪ್ಪು ಮಾಡಿದವನ ಶೀಟಿನ ಇನ್ನೊಂದು ತುದಿಯನ್ನು ಯಾರೂ ಹಿಡಿಯುವಂತಿಲ್ಲ. ಮಾತಾಡುವಂತಿಲ್ಲ. ಅವನು ಕೂತ ಬೆಂಚಿನಲ್ಲಿ ಕೂರುವಂತಿಲ್ಲ. ಅವನು ಒಬ್ಬನೇ ಮಡಿಸಬೇಕು. ಒಬ್ಬನೇ ಮಡಿಸಿದರೆ ಶೀಟಿನ ಅಂಚು ನೆಲಕ್ಕೆ ತಾಗುತ್ತದೆ. ತಾಗಿದರೆ ಅದು ಇನ್ನೊಂದು ತಪ್ಪು. ತಪ್ಪೊಪ್ಪಿಗೆಯ ಪುಸ್ತಕದಲ್ಲಿ "ನಾನು ಕತ್ತಲಲ್ಲಿದ್ದೆ" ಅಂತ ಬರೆದು ಎಲ್ಲರ ಮುಂದೆ ಓದುವ ತನಕ ಬಿಡುಗಡೆ ಇಲ್ಲ. ಸಾಮಾನ್ಯವಾಗಿ ಎರಡು ದಿನ. ಗಟ್ಟಿ ಮನುಷ್ಯರಾದರೆ ಐದು. ಸೋಪು ಅಳೆದುಕೊಡುವ ತಾತ ಒಬ್ಬ ಒಂಬತ್ತು ದಿನ ತಡೆದಿದ್ದನಂತೆ, ವಯಸ್ಸಿನಲ್ಲಿದ್ದಾಗ.

ಇನ್ನೊಂದು ನಿಯಮವಿತ್ತು. ಒಂಟಿಗೈ ಒಂದು ಸಲಕ್ಕೆ ಒಬ್ಬರಿಗೇ. ಇಬ್ಬರು ತಪ್ಪು ಮಾಡಿದರೂ ಒಬ್ಬರ ಶಿಕ್ಷೆ ಮುಗಿದ ಮೇಲೇ ಇನ್ನೊಬ್ಬರದು ಶುರು. ಅದು ದೊಡ್ಡಪ್ಪನ ಕರುಣೆ ಅಂದುಕೊಂಡಿದ್ದೆ. ಇಬ್ಬರಿಗೆ ಕೊಟ್ಟರೆ ಅವರಿಬ್ಬರೂ ಸೇರಿ ಒಂದು ಶೀಟು ಹಿಡಿದುಬಿಡುತ್ತಾರೆ ಅನ್ನುವುದು ನನ್ನ ದಡ್ಡ ತಲೆಗೆ ಹೊಳೆಯಲು ಬಹಳ ದಿನ ಬೇಕಾಯಿತು.

ನಾನು ಮಾಡಿದ ತಪ್ಪು ಏನು? ಒಂದು ಪ್ರಶ್ನೆ ಕೇಳಿದೆ.

ರೋಲರಿಗೆ ಮೊದಲು ಒಂದು ಕಂಬಿ ಇತ್ತು, ಕೈ ಒಳಗೆ ಹೋಗದ ಹಾಗೆ. ಕಂಬಿ ಇದ್ದರೆ ಬಟ್ಟೆ ನಿಧಾನ ಹೋಗುತ್ತದೆ ಅಂತ ದೊಡ್ಡಪ್ಪ ತೆಗೆಸಿದ. ಒಂದು ಮಧ್ಯಾಹ್ನ ಅಕ್ಕನ ಬಲಗೈ ಶೀಟಿನ ಜೊತೆಗೇ ಹೋಯಿತು. ಎಳೆದು ತೆಗೆದಾಗ ಕೊನೆಯ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ದೊಡ್ಡಪ್ಪ ಎಣ್ಣೆ ಮಂತ್ರಿಸಿ ಹಚ್ಚಿದ, ಬಟ್ಟೆ ಸುತ್ತಿಸಿದ. "ನಂಬಿಕೆ ಅಲ್ಲಾಡಿತು, ಕೈ ಸುಟ್ಟಿತು. ನಂಬಿಕೆ ನಿಂತರೆ ಕೈ ನಿಲ್ಲುತ್ತೆ," ಅಂದ. ಅಕ್ಕ ತಲೆ ಆಡಿಸಿದಳು. ಮಾರನೆಯ ದಿನ ಎಡಗೈಯಲ್ಲಿ ಕೆಲಸಕ್ಕೆ ನಿಂತಳು.

ಹತ್ತು ದಿನ ನೋಡಿದೆ. ಹನ್ನೊಂದನೆಯ ದಿನ ಬೋಧನೆ ನಡೆಯುತ್ತಿದ್ದಾಗ ಎದ್ದು ನಿಂತೆ.

"ದೊಡ್ಡಪ್ಪ, ನಿಮ್ಮ ಕಣ್ಣಿಗೆ ಪೊರೆ ಬಂದಾಗ ಕಾರು ಬಂತು, ಡಾಕ್ಟರ ಹತ್ರ ಹೋದ್ರಿ. ಆಗ ನಂಬಿಕೆ ಎಲ್ಲಿ ಹೋಗಿತ್ತು? ಅಕ್ಕನ ಕೈಗೆ ಯಾಕೆ ಡಾಕ್ಟರು ಬೇಡ?"

ದೊಡ್ಡಪ್ಪ ಮುಗುಳ್ನಕ್ಕ. "ಕೂತ್ಕೋ ಮಗನೇ," ಅಂದ. ಅಷ್ಟೇ. ಮರುದಿನ ಮಡಿಸುವ ಮೇಜಿನ ಬಳಿಗೆ ಬಂದು ನನ್ನ ಕೈಯ ಹೊಲಸಿನ ಮಾತಾಡಿದ.

ನಾನು ಪುಸ್ತಕದಲ್ಲಿ ಬರೆಯಲಿಲ್ಲ.

ಮೊದಲ ವಾರ ಕೋಪವಿತ್ತು. ಕೋಪ ಒಳ್ಳೆಯ ಜೊತೆಗಾರ. ಎರಡನೆಯ ವಾರ ಅದೂ ಬಿಟ್ಟುಹೋಯಿತು. ಶೀಟಿನ ಒಂದು ತುದಿಯನ್ನು ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆಯಿಂದ ಒತ್ತಿಟ್ಟು, ನಡುವನ್ನು ಗದ್ದದಲ್ಲಿ ಒತ್ತಿ ಹಿಡಿದು ಮಡಿಸುವುದನ್ನು ಕಲಿತೆ. ಗದ್ದದ ಚರ್ಮ ಸುಲಿಯಿತು. ಊಟಕ್ಕೆ ನನ್ನ ತಟ್ಟೆಯನ್ನು ಬೆಂಚಿನ ತುದಿಗೆ ತಳ್ಳುತ್ತಿದ್ದರು. ನಾನು ಬಂದು ಕೂತರೆ ಇಡೀ ಬೆಂಚು ಎದ್ದು ಆಚೆ ಹೋಗುತ್ತಿತ್ತು. ಎಷ್ಟು ಜನ ಎದ್ದರು ಅಂತ ಬೆಂಚು ಮೇಲೇಳುವುದರಲ್ಲೇ ನನಗೆ ಗೊತ್ತಾಗುತ್ತಿತ್ತು.

ಮಾತಾಡದೆ ಇದ್ದರೆ ಗಂಟಲಿಗೆ ಏನಾಗುತ್ತದೆ ಗೊತ್ತೇ? ಮೊದಲು ತುರಿಸುತ್ತದೆ. ಆಮೇಲೆ ಒಂದು ದಿನ ಕೆಮ್ಮಿದಾಗ ಬಂದ ಸದ್ದು ಯಾರದೋ ಅಂತ ತಿರುಗಿ ನೋಡುತ್ತೀರಿ. ಶೀಟುಗಳ ಮೂಲೆಯಲ್ಲಿ ವಾರ್ಡಿನ ಹೆಸರಿನ ಮುದ್ರೆ ಇರುತ್ತಿತ್ತು. ಅದನ್ನು ಓದಿಕೊಂಡು ಆ ವಾರ್ಡಿನಲ್ಲಿ ಮಲಗಿದವನ ಜೊತೆ ಮನಸ್ಸಿನಲ್ಲೇ ಮಾತಾಡುತ್ತಿದ್ದೆ. ಏನಪ್ಪಾ, ನಿನ್ನ ಮೂಳೆ ಕೂಡಿತಾ? ಏನಮ್ಮಾ, ಗಂಡೋ ಹೆಣ್ಣೋ? ದಿನಾ ಆಸ್ಪತ್ರೆಯ ಬಟ್ಟೆ ನಮ್ಮ ಕೈಯಲ್ಲಿ. ಆ ಬಟ್ಟೆಯ ಮೇಲೆ ಮಲಗುವ ಹಕ್ಕು ಮಾತ್ರ ನಮ್ಮ ಮೈಗಿಲ್ಲ.

ಅಕ್ಕ ಎದುರಿನ ಮೇಜಿನಲ್ಲೇ ಇರುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ನೋಡದೇ ಇರುವುದಕ್ಕೆ ಅವಳು ಪಡುತ್ತಿದ್ದ ಕಷ್ಟ ಅವಳ ಕತ್ತಿನಲ್ಲಿ ಕಾಣುತ್ತಿತ್ತು.

ನನ್ನ ಜೊತೆ ಮಾತಾಡಿದವನು ಒಬ್ಬನೇ, ಆಸ್ಪತ್ರೆಯ ವ್ಯಾನಿನ ಡ್ರೈವರ್. ಅವನು ಹೊರಗಿನವನು. ಅವನಿಗೆ ನಮ್ಮ ನಿಯಮ ಇಲ್ಲ.

"ಏನೋ, ಬಾಯಿಗೆ ಹೊಲಿಗೆ ಹಾಕಿಸಿಕೊಂಡಿದ್ದೀಯಾ?" ಅಂದ ಒಂದು ದಿನ, ಮೂಟೆ ಏರಿಸುವಾಗ.

"ಇಪ್ಪತ್ತೊಂಬತ್ತು ದಿನ ಆಯ್ತು," ಅಂದೆ. ಮಾತು ತೊದಲಿತು. "ಯಾರೂ ಮಾತಾಡಿಸಲ್ಲ."

"ಅಯ್ಯೋ ಪುಣ್ಯವಂತ! ನನ್ನ ಹೆಂಡ್ತಿ ಒಂದು ದಿನ ಮಾತು ಬಿಟ್ರೆ ನಾನು ನೆಂಟರಿಗೆಲ್ಲ ಫೋನು ಮಾಡಿ ಹೇಳ್ತೀನಿ." ನಕ್ಕ. ನಾನು ನಗಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು. "ಏನಾಯ್ತು ಹೇಳೋ ತಮ್ಮಾ."

ತಮ್ಮಾ ಅಂದ. ಮೂಟೆಯ ಮೇಲೆ ಕೂತು ಅತ್ತೆ. ಎಲ್ಲ ಹೇಳಿದೆ, ಅಕ್ಕನ ಕೈಯದ್ದೂ.

"ಇದು ಮಠಾನೂ ಅಲ್ಲ, ಮನೇನೂ ಅಲ್ಲ ಕಣೋ," ಅಂದ. "ನಮ್ಮ ವಾರ್ಡಿನ ನರ್ಸಮ್ಮ ಇದ್ದಾರೆ, ಗಟ್ಟಿಗಿತ್ತಿ. ಅವರಿಗೆ ಹೇಳ್ತೀನಿ."

ನರ್ಸಮ್ಮ ಅರ್ಜಿ ಬರೆದರು. ಸರ್ಕಾರದಿಂದ ಒಬ್ಬ ಅಧಿಕಾರಿ ಬರುತ್ತಾರೆ ಅಂತ ಸುದ್ದಿ ಬಂತು. ಯಾವ ದಿನ, ಎಷ್ಟು ಗಂಟೆಗೆ ಅಂತ ದೊಡ್ಡಪ್ಪನಿಗೇ ಮೊದಲು ಕಾಗದ ಬಂತು. ಕಳ್ಳನಿಗೆ ಹೇಳಿ ಬರುವ ಪೊಲೀಸರು!

ಆ ದಿನದೊಳಗೆ ರೋಲರಿಗೆ ಕಂಬಿ ಬಂತು. ಗೋಡೆಗೆ ಸುಣ್ಣ ಬಂತು. ಬೆಳಗ್ಗೆ ನಲವತ್ತು ಜನಕ್ಕೂ ಬಿಳಿ ಗ್ಲೌಸು ಹಂಚಿದರು. ಹಿಂದೆಂದೂ ಗ್ಲೌಸು ಹಾಕಿದವರಲ್ಲ ನಾವು. ಅಕ್ಕ ಒಬ್ಬಳೇ ಹಾಕಿಕೊಂಡರೆ ಕಣ್ಣಿಗೆ ಬೀಳುತ್ತದಲ್ಲ. ಅದಕ್ಕೇ ಎಲ್ಲರಿಗೂ. ನನಗೆ ಮಾತ್ರ ಕೊಡಲಿಲ್ಲ.

ಅಧಿಕಾರಿ ಕೆಟ್ಟವರಲ್ಲ. ಅದನ್ನೂ ಹೇಳಿಬಿಡುತ್ತೇನೆ. ನಡುವಯಸ್ಸಿನ ಮನುಷ್ಯ, ಬೆವರು ಒರೆಸಿಕೊಳ್ಳುತ್ತ ಬಂದರು. ಎಲ್ಲರಿಗೂ ಬಹುವಚನ. ಒಳಗೆ ಬಂದವರೇ, "ಎಷ್ಟು ಶುಚಿಯಾಗಿಟ್ಟಿದ್ದೀರಿ!" ಅಂದರು. ಮಡಿಸುವ ಮೇಜಿನ ಮುಂದೆಯೇ ಕುರ್ಚಿ ಹಾಕಿಸಿಕೊಂಡು ಅಚ್ಚಾದ ಕಾಗದ ತೆಗೆದರು. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಸದರಿ ಸಂಸ್ಥೆಯು ಸದಸ್ಯರನ್ನು ಬಲವಂತದ ಹಿಡಿತದಲ್ಲಿ ಇರಿಸಿಕೊಂಡಿರುವ ಪಂಥವೇ ಎಂಬ ಬಗ್ಗೆ ಪರಿಶೀಲನೆ.

ನನ್ನ ಎದೆ ಹಗುರವಾಯಿತು. ಇದಕ್ಕೊಂದು ಹೆಸರಿದೆ. ನನಗೆ ಆಗುತ್ತಿರುವುದಕ್ಕೆ ಸರ್ಕಾರದ ಕಾಗದದಲ್ಲಿ ಹೆಸರಿದೆ!

"ಬಾಗಿಲಿಗೆ ಬೀಗ ಹಾಕ್ತಾರಾ?"

"ಇಲ್ಲ," ಅಂದರು ಎಲ್ಲರೂ. ನಿಜವೇ. ಎಂದೂ ಹಾಕಿಲ್ಲ.

"ಹೊಡೀತಾರಾ?"

"ಇಲ್ಲ."

"ಊಟ?"

"ಹೊಟ್ಟೆ ತುಂಬಾ."

"ಸಂಬಳ ಇಲ್ಲದೆ ದುಡೀತೀರಂತೆ?"

ದೊಡ್ಡಪ್ಪ ಒಂದು ಕಟ್ಟು ಕಾಗದ ಕೊಟ್ಟ. ಸೇವೆಗೆ ಏನೂ ಬೇಡ ಅಂತ ಪ್ರತಿಯೊಬ್ಬರೂ ಸಹಿ ಹಾಕಿದ್ದು. ನನ್ನದೂ ಇತ್ತು. ಎಂಟನೇ ವಯಸ್ಸಿನಲ್ಲಿ ಹಾಕಿದ್ದು, ಹೆಬ್ಬೆಟ್ಟು.

ಸೋಪಿನ ತಾತನ ಸರದಿ ಬಂತು. "ತಾತ, ನಿಮಗೆ ಇಲ್ಲಿರೋದು ಇಷ್ಟಾನಾ?"

"ಇಷ್ಟ ಸ್ವಾಮಿ. ಬೇರೆ ಎಲ್ಲಿಗೆ ಹೋಗಲಿ?"

"ಇಷ್ಟ ಅಂತ ಬರ್ಕೊಳ್ಳಲಾ?"

"ನೀವು ಏನು ಬರೆದ್ರೂ ನನಗೆ ಓದೋಕೆ ಬರಲ್ಲ ಸ್ವಾಮಿ."

ಅಧಿಕಾರಿ ನಕ್ಕು 'ಇಷ್ಟ' ಅಂತ ಬರೆದರು.

ಕೊನೆಗೆ ನನ್ನ ಕಡೆ ತಿರುಗಿದರು. "ದೂರು ನಿಮ್ಮದು ತಾನೇ? ಹೇಳಿ. ಏನು ತೊಂದರೆ?"

ಐವತ್ತಾರು ದಿನದ ಮಾತು ಒಟ್ಟಿಗೇ ಹೇಳಲು ಹೋದೆ. "ಯಾರೂ ಮಾತಾಡಲ್ಲ ಸಾರ್," ಅಂದೆ. ಹೊರಗೆ ಬಂದದ್ದು ಅಷ್ಟೇ. ಕೇಳಿ ನನಗೇ ನಾಚಿಕೆಯಾಯಿತು. ಶಾಲೆಯಲ್ಲಿ ಪೆಟ್ಟು ತಿಂದ ಹುಡುಗ ಚಾಡಿ ಹೇಳಿದ ಹಾಗಿತ್ತು.

"ಮಾತಾಡಲ್ಲ ಅಂದ್ರೆ? ಅದು ಅಪರಾಧ ಹೇಗಾಗುತ್ತೆ? ನಮ್ಮ ಆಫೀಸಲ್ಲೂ ಇಬ್ಬರು ನನ್ನ ಹತ್ರ ಮಾತು ಬಿಟ್ಟಿದ್ದಾರೆ."

ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕ.

ಬಾಯಿಂದ ಆಗಲ್ಲ ಅನಿಸಿತು. ರಾಶಿಯಿಂದ ಒಂದು ಶೀಟು ಎಳೆದೆ. ಎರಡು ಮೂಲೆ ನನ್ನ ಕೈಯಲ್ಲಿ ಹಿಡಿದು ಉಳಿದದ್ದನ್ನು ಅವರ ಕಡೆ ಬೀಸಿದೆ.

"ಸಾರ್, ನೋಡ್ತಾ ಇರಿ. ಇದನ್ನ ಒಬ್ಬನೇ ಮಡಿಸೋಕಾಗಲ್ಲ. ಇಲ್ಲಿ ನಲವತ್ತು ಜನ ಇದ್ದಾರೆ. ಒಬ್ಬರು, ಒಬ್ಬರೇ ಒಬ್ಬರು, ಈ ಶೀಟಿನ ಆ ತುದಿ ಹಿಡೀಲಿ. ನಾನು ದೂರು ವಾಪಸ್ ತಗೋತೀನಿ."

ಶೀಟು ನೆಲದ ಮೇಲೆ ಬಿದ್ದಿತ್ತು. ಎಂಬತ್ತು ಬಿಳಿ ಕೈಗಳು ಎಂಬತ್ತು ತೊಡೆಗಳಿಗೆ ಅಂಟಿಕೊಂಡಿದ್ದವು. ಸೋಪಿನ ತಾತ ನೆಲ ನೋಡಿದ. ಅಧಿಕಾರಿಯ ಮುಖದ ನಗು ಹೋಯಿತು. ಅವರು ಒಬ್ಬೊಬ್ಬರನ್ನೇ ನೋಡಿದರು. ಈಗ ಅವರಿಗೆ ಅದು ಕಾಣುತ್ತಿತ್ತು. ಪೆನ್ನಿನ ಮುಚ್ಚಳ ತೆಗೆದರು. ಇನ್ನೊಂದು ನಿಮಿಷ ಹಾಗೇ ಇದ್ದಿದ್ದರೆ ಸಾಕಿತ್ತು. ಒಂದೇ ಒಂದು ನಿಮಿಷ.

ಅಕ್ಕ ಬಂದಳು.

ಮೇಜು ಸುತ್ತಿ ಬಂದು, ಬಗ್ಗಿ, ನೆಲದ ಮೇಲಿದ್ದ ಎರಡು ಮೂಲೆಗಳನ್ನು ಎತ್ತಿಕೊಂಡಳು. ಎಡಗೈಯ ಹಿಡಿತ ಗಟ್ಟಿ. ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿದಿದ್ದಳು, ಉಳಿದೆರಡು ಗ್ಲೌಸಿನೊಳಗೆ ಸೆಟೆದಿದ್ದವು. ದೊಡ್ಡಪ್ಪನ ಕಡೆ ನೋಡಲೇ ಇಲ್ಲ. ಶೀಟನ್ನು ಬಿಗಿಯಾಗಿ ಎಳೆದಳು. ಆ ಎಳೆತ ನನ್ನ ಭುಜದ ತನಕ ಬಂತು. ಎಂಟು ವಾರದ ಮೇಲೆ ಇನ್ನೊಂದು ಕಡೆ ಯಾರೋ ಇದ್ದರು.

ಎದುರುಬದುರು ನಡೆದೆವು. ಮೊದಲ ಸಲ ಹತ್ತಿರ ಬಂದಾಗ ಅವಳ ತುಟಿ ಅಲ್ಲಾಡಿತು. "ಗದ್ದಕ್ಕೆ ಏನಾಯ್ತೋ?"

"ಏನಿಲ್ಲ. ಬಾ ಅಕ್ಕ, ಆಸ್ಪತ್ರೆಗೆ ಹೋಗೋಣ. ನರ್ಸಮ್ಮ ನೋಡ್ತಾರೆ."

ಹಿಂದಕ್ಕೆ ಹೋದೆವು. ಮತ್ತೆ ಬಂದೆವು.

"ಬೆರಳು ನಾತ ಬರ್ತಾ ಇದೆ," ಅಂದಳು. "ರಾತ್ರಿ ಎಲ್ಲ ಸೆಳೆತ."

"ಅದಕ್ಕೇ ಬಾ ಅಂತಿರೋದು."

"ಹೊರಗೆ ನನಗೆ ಯಾರಿದ್ದಾರೆ?"

"ನಾನಿದ್ದೀನಲ್ಲ."

ಮತ್ತೆ ಹಿಂದೆ. ಮತ್ತೆ ಮುಂದೆ. ಮೂರನೆಯ ಸಲ. ಶೀಟು ಈಗ ಚಿಕ್ಕದಾಗಿತ್ತು. ಅವಳ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು.

"ನೀನೊಬ್ಬ," ಅಂದಳು ಅಕ್ಕ. "ಇಲ್ಲಿ ನಲವತ್ತು ಜನ. ನೀನು ಐವತ್ತು ದಿನ ತಡೆದೆ. ನನ್ನ ಕೈಲಿ ಒಂದು ದಿನ ಆಗಲ್ಲ ಕಣೋ."

ಮಡಿಸಿದ ಶೀಟನ್ನು ನನ್ನ ಕೈಗೆ ಕೊಟ್ಟು ಹೋಗಿ ತನ್ನ ಜಾಗದಲ್ಲಿ ನಿಂತಳು.

ಅಧಿಕಾರಿ ದೊಡ್ಡದಾಗಿ ಉಸಿರು ಬಿಟ್ಟರು. ಮುಖ ಸಡಿಲವಾಯಿತು. "ನೋಡಿದ್ರಾ? ಹಿಡಿದ್ರಲ್ಲ!" ಅಂದರು. ಕಾಗದದ ಮೇಲೆ ಬರೆಯುತ್ತ ಓದಿಕೊಂಡರು. "ಬಹಿಷ್ಕಾರದ ಆರೋಪ... ಸಾಬೀತಾಗಿಲ್ಲ."

ಲೋಕದಲ್ಲಿ ಯಾರೂ ನನಗಾಗಿ ಮಾಡದ ಕೆಲಸವನ್ನು ನನ್ನ ಅಕ್ಕ ಮಾಡಿದಳು. ಅದೇ ನನ್ನ ವಿರುದ್ಧದ ಸಾಕ್ಷಿಯಾಯಿತು.

"ಸಾರ್! ಅವಳ ಕೈ ನೋಡಿ! ಆ ಗ್ಲೌಸ್ ಬಿಚ್ಚಿಸಿ. ಕೊಳೀತಾ ಇದೆ ಸಾರ್ ಅದು!"

ಅಧಿಕಾರಿ ಅಕ್ಕನ ಕಡೆ ತಿರುಗಿದರು. "ಹೌದೇನಮ್ಮಾ? ತೋರಿಸ್ತೀರಾ? ಆಸ್ಪತ್ರೆಗೆ ಹೋಗಬೇಕಾ?"

ಅಕ್ಕ ದೊಡ್ಡಪ್ಪನನ್ನು ನೋಡಿದಳು. ಅವನು ಏನೂ ಮಾಡಲಿಲ್ಲ. ಹುಬ್ಬು ಏರಿಸಲಿಲ್ಲ, ಕೆಮ್ಮಲಿಲ್ಲ. ಸುಮ್ಮನೆ ಅವಳ ಎರಡೂ ಪಕ್ಕದಲ್ಲಿ ನಿಂತಿದ್ದವರು ಒಂದೊಂದು ಹೆಜ್ಜೆ ಆಚೆ ಸರಿದರು. ಒಂದೇ ಒಂದು ಹೆಜ್ಜೆ. ಅಕ್ಕನ ಸುತ್ತ ಒಂದು ಖಾಲಿ ಜಾಗ ಆಯಿತು. ಅಕ್ಕ ಆ ಜಾಗವನ್ನು ನೋಡಿದಳು.

"ಬೇಡ," ಅಂದಳು. "ವಾಸಿ ಆಗ್ತಿದೆ."

"ಸಾರ್, ಹೆದರಿ ಹೇಳ್ತಿದ್ದಾಳೆ!"

"ನೋಡಪ್ಪಾ," ಅಂದರು ಅಧಿಕಾರಿ, ಮೆಲ್ಲಗೆ. "ಇಲ್ಲಿ ಬಲವಂತ ನಡೀತಿದೆಯಾ ಅಂತ ನೋಡೋಕೆ ಬಂದವನು ನಾನು. ನಾನೇ ಬಲವಂತ ಮಾಡಿದ್ರೆ ಹೇಗೆ?"

ಇದಕ್ಕೆ ಏನು ಹೇಳುತ್ತೀರಿ? ನನಗೆ ನಾಲ್ಕನೇ ಕ್ಲಾಸಿಗಿಂತ ಆಚೆಯ ಓದಿಲ್ಲ. ಓದಿದ್ದರೆ ಉತ್ತರ ಸಿಗುತ್ತಿತ್ತೋ ಏನೋ. ಬೀಗ ಇಲ್ಲ, ಬೆತ್ತ ಇಲ್ಲ. ಇರುವುದು ಒಂದು ಹೆಜ್ಜೆಯ ಖಾಲಿ ಜಾಗ. ಅದನ್ನು ಬರೆದುಕೊಳ್ಳಲು ಆ ಕಾಗದದಲ್ಲಿ ಒಂದು ಸಾಲು ಕೂಡ ಇರಲಿಲ್ಲ. ಜನರಿಲ್ಲದ ಭಯವನ್ನು ಜನರಿಗೆ ತೋರಿಸಿ ದುಡಿಸಿಕೊಳ್ಳುವುದು ಯಾವ ಧರ್ಮ? ಇದು ಪಂಥವೋ ಅಲ್ಲವೋ ಅಂತ ತೀರ್ಮಾನ ಮಾಡಲು ಬಂದವರು ಒಂದು ಹೊತ್ತು, ಒಂದೇ ಒಂದು ಹೊತ್ತು, ನನ್ನ ಬೆಂಚಿನಲ್ಲಿ ಕೂತು ಉಂಡಿದ್ದರೆ ಸಾಕಿತ್ತು.

ಅಧಿಕಾರಿ ಕಾಗದ ಜೋಡಿಸಿಕೊಂಡು ಎದ್ದರು. ದೊಡ್ಡಪ್ಪ ಬಾಗಿಲ ತನಕ ಬಂದ. ಬಾಗಿಲ ಪಕ್ಕದಲ್ಲಿ ಒಂದು ಗಂಟು ಇತ್ತು. ನನ್ನ ಎರಡು ಅಂಗಿ, ಒಂದು ಪ್ಯಾಂಟು, ಹೊದಿಕೆ. ಯಾರು ಯಾವಾಗ ಕಟ್ಟಿದರೋ ಗೊತ್ತಿಲ್ಲ. ಗಂಟು ಅಚ್ಚುಕಟ್ಟಾಗಿತ್ತು.

"ಈ ಹುಡುಗನಿಗೆ ಇಲ್ಲಿ ಮನಸ್ಸು ನಿಲ್ತಾ ಇಲ್ಲ ಸಾರ್," ಅಂದ ದೊಡ್ಡಪ್ಪ. ನನ್ನ ಹೆಗಲ ಮೇಲೆ ಕೈ ಇಟ್ಟ. ಐವತ್ತಾರು ದಿನದಲ್ಲಿ ನನ್ನನ್ನು ಮುಟ್ಟಿದ ಮೊದಲ ಕೈ ಅದು. ನನ್ನ ಮೈ, ನನ್ನ ದರಿದ್ರ ಮೈ, ಆ ಕೈಗೆ ಒಂದು ಕ್ಷಣ ಒರಗಿತು. ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. "ಹೋಗ್ತೀನಿ ಅಂತಿದ್ದಾನೆ. ನಾವು ಯಾರನ್ನೂ ಕಟ್ಟಿಹಾಕಲ್ಲ. ಬಾಗಿಲು ತೆಗೆದೇ ಇದೆ."

ನಾನು ಹಾಗೆ ಅಂದಿರಲಿಲ್ಲ. ಹೆಗಲು ಕೊಡವಿದೆ.

ಅಧಿಕಾರಿ ಕಾಗದವನ್ನು ಮತ್ತೆ ತೆರೆದರು. "ಹಾಗಾದ್ರೆ ಇದೊಂದು ತುಂಬಿಸಬೇಕು. ಕೊನೇದು." ಬೆರಳಿಟ್ಟು ಓದಿದರು. "ಸಂಸ್ಥೆಯನ್ನು ತೊರೆಯುತ್ತಿರುವ ಸದಸ್ಯರು ಸ್ವಇಚ್ಛೆಯಿಂದ ತೊರೆಯುತ್ತಿದ್ದಾರೆಯೇ? ಹೌದು ಅಥವಾ ಇಲ್ಲ. ಒಂದು ಹೇಳಿ, ಸಾಕು."

ಹೌದು ಅಂದರೆ ಬಾಗಿಲು ತೆಗೆದಿದೆ ಅಂತ ನಾನೇ ಸಾಕ್ಷಿ. ಇಲ್ಲ ಅಂದರೆ ಇಲ್ಲಿ ಇರಲು ನಾನೇ ಗೋಗರೆಯುತ್ತಿದ್ದೇನೆ ಅಂತ ಸಾಕ್ಷಿ. ಎರಡಕ್ಕೂ ದೊಡ್ಡಪ್ಪ ತಯಾರಾಗಿದ್ದ. ಒಳಗೆ ರೋಲರು ಶುರುವಾಗಿತ್ತು. ತಿರುಗಿ ನೋಡಿದೆ. ಬಿಳಿ ಗ್ಲೌಸುಗಳ ನಡುವೆ ಅಕ್ಕ ಯಾವಳು ಅಂತ ದೂರದಿಂದ ತಿಳಿಯಲಿಲ್ಲ.

"ಹೇಳಪ್ಪಾ. ಹೌದಾ, ಇಲ್ವಾ?"

ಗಂಟು ಅಲ್ಲೇ ಬಿಟ್ಟೆ. ಮೆಟ್ಟಿಲು ಇಳಿದೆ. ರಸ್ತೆಯಲ್ಲಿ ಜನ ತುಂಬಿದ್ದರು, ಅವರಲ್ಲಿ ಒಬ್ಬರಿಗೂ ನಾನು ಯಾರೂ ಅಲ್ಲ. ಹಿಂದಿನಿಂದ ಅಧಿಕಾರಿ ಇನ್ನೊಮ್ಮೆ ಕೂಗಿ ಕೇಳಿದರು.

ನಾನು ನಡೆದೆ.